ಅಂಕಿ ಭವಿಷ್ಯ ಹೇಳಿದರೆ ಸಾಲದು: ಗರ್ಭಕಂಠದ ಕ್ಯಾನ್ಸರ್ ಸಂಶೋಧಕರಿಗೆ ಲ್ಯಾಬಿನಿಂದ ಒಂದು ಬಹಿರಂಗ ಪತ್ರ

ಗರ್ಭಕಂಠದ ಕ್ಯಾನ್ಸರ್ ಬಗ್ಗೆ ಸಂಶೋಧನೆ ಮಾಡುವ ವೈದ್ಯರಿಗೆ, ಆ ಸಂಶೋಧನೆಯನ್ನು ಪ್ರಕಟಿಸುವ ವೈದ್ಯಕೀಯ ಪತ್ರಿಕೆಗಳ ಸಂಪಾದಕರಿಗೆ ಮತ್ತು ಚಿಕಿತ್ಸೆಯ ಮಾರ್ಗಸೂಚಿ ಬರೆಯುವ ಸಮಿತಿಗಳಿಗೆ,

ಮಾನ್ಯರೇ,

ನಾನು ಕ್ಯಾನ್ಸರ್ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಡಾಕ್ಟರ್ ಅಲ್ಲ. ನಿಮ್ಮ ಲೇಖನಗಳಲ್ಲಿ ‘ಚಿಕಿತ್ಸೆಗೆ ಮುಂಚಿನ ರಕ್ತದ ವಿವರಗಳನ್ನು ದಾಖಲೆಗಳಿಂದ ಪಡೆಯಲಾಯಿತು’ ಅಂತ ಒಂದು ಸಾಲು ಇರುತ್ತದಲ್ಲ, ಆ ವಿವರಗಳು ಹುಟ್ಟುವುದು ನಮ್ಮ ಮೇಜಿನ ಮೇಲೆ. ಆ ಒಂದು ಸಾಲಿನ ಹಿಂದೆ ಏನೇನು ಇರುತ್ತದೆ ಅನ್ನುವುದು ನಮಗೆ ಗೊತ್ತು. ಅದನ್ನು ಯಾರೂ ನಮ್ಮನ್ನು ಕೇಳುವುದಿಲ್ಲ. ಹಾಗಾಗಿ ನಾವೇ ಹೇಳಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ನನ್ನ ದೂರು ಇಷ್ಟು. ಯಾರಿಗೆ ಚಿಕಿತ್ಸೆ ಫಲ ಕೊಡುತ್ತದೆ, ಯಾರಿಗೆ ಕ್ಯಾನ್ಸರ್ ಮರಳುತ್ತದೆ ಎಂದು ರಕ್ತ ನೋಡಿ ಹೇಳಬಹುದು ಅನ್ನುವ ಲೇಖನಗಳು ರಾಶಿ ರಾಶಿ ಬರುತ್ತಿವೆ. ಇವತ್ತು ಒಂದು ಅನುಪಾತ, ನಾಳೆ ಇನ್ನೊಂದು ಸೂಚ್ಯಂಕ. ಹಳೆಯದನ್ನು ಗಟ್ಟಿಯಾಗಿ ಪರೀಕ್ಷಿಸಿ ಇದು ಕೆಲಸಕ್ಕೆ ಬರುತ್ತದೆ, ಇದು ಬರುವುದಿಲ್ಲ ಎಂದು ತೀರ್ಮಾನ ಮಾಡುವವರು ಕಡಿಮೆ. ಆ ತೀರ್ಮಾನಕ್ಕೆ ಮೊದಲೇ ಅಂಕಿಗಳು ರಿಪೋರ್ಟಿನೊಳಗೆ ನುಸುಳಿ ರೋಗಿಯ ಕೈ ಸೇರುತ್ತಿವೆ.

ನಾನು ಕಂಡದ್ದನ್ನೇ ಹೇಳುತ್ತೇನೆ. ನಮ್ಮಲ್ಲಿ ಯಂತ್ರದ ಸಾಫ್ಟ್‌ವೇರ್ ಬದಲಾದ ಮೇಲೆ ರಕ್ತಕಣಗಳನ್ನು ಎಣಿಸುವ ಮಾಮೂಲಿ ಸಿಬಿಸಿ ರಿಪೋರ್ಟಿನ ಕೆಳಗೆ ‘ಎನ್‌ಎಲ್‌ಆರ್’ ಎಂಬ ಹೊಸ ಸಾಲು ತಾನಾಗೇ ಬರತೊಡಗಿತು. ನ್ಯೂಟ್ರೋಫಿಲ್, ಲಿಂಫೋಸೈಟ್ ಎರಡೂ ರಕ್ತದ ಬಿಳಿಕಣಗಳು; ಮೊದಲನೆಯದರ ಸಂಖ್ಯೆಯನ್ನು ಎರಡನೆಯದರ ಸಂಖ್ಯೆಯಿಂದ ಭಾಗಿಸಿದರೆ ಬರುವ ಅಂಕಿ ಅದು. ಜಾಸ್ತಿ ಇದ್ದರೆ ದಪ್ಪ ಅಕ್ಷರದಲ್ಲಿ ಬರುತ್ತದೆ. ಒಬ್ಬ ಮಹಿಳೆ ಅದನ್ನು ಫೋನಿನಲ್ಲಿ ಹುಡುಕಿದ್ದಾರೆ. 3 ದಾಟಿದರೆ ಬದುಕುವ ಸಾಧ್ಯತೆ ಕಡಿಮೆ ಅಂತ ಎಲ್ಲೋ ಓದಿದ್ದಾರೆ. ಅವರದು 3 ದಾಟಿತ್ತು. ರಿಪೋರ್ಟ್ ಹಿಡಿದು ಕೌಂಟರಿಗೇ ಬಂದು, “ಮೇಡಂ, ಹಾಗಾದ್ರೆ ಇನ್ನು ರೇಡಿಯೇಷನ್ ತಗೊಂಡು ಏನು ಪ್ರಯೋಜನ?” ಎಂದು ಕೇಳಿದರು. ಹಿಂದಿನ ದಿನ ಅವರಿಗೆ ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧಿ ಕೊಟ್ಟಿದ್ದರು. ವಾಂತಿ ಆಗದಿರಲಿ ಎಂದು ಜೊತೆಗೆ ಡೆಕ್ಸಾಮೆಥಸೋನ್ ಕೂಡ. ಈ ಸ್ಟೀರಾಯ್ಡ್ ನ್ಯೂಟ್ರೋಫಿಲ್ ಏರಿಸುತ್ತದೆ, ಲಿಂಫೋಸೈಟ್ ಇಳಿಸುತ್ತದೆ. ಅನುಪಾತ ಮೇಲೆ ಹೋಗಲು ಅದೊಂದೇ ಸಾಕು. ಅದನ್ನು ಹೇಳುವ ಅಧಿಕಾರ ಲ್ಯಾಬಿನವರಿಗೆ ಇಲ್ಲ. ಹೇಳಬೇಕಾದವರಿಗೆ ಪುರುಸೊತ್ತಿಲ್ಲ.

ರಕ್ತ ಏನೂ ಹೇಳುವುದಿಲ್ಲ ಅಂತ ನನ್ನ ವಾದ ಅಲ್ಲ. ಗಡ್ಡೆ ಇದ್ದಲ್ಲಿ ಉರಿಯೂತ ಇರುತ್ತದೆ. ಕೆಲವು ಗಡ್ಡೆಗಳು ಬಿಳಿಕಣ ಹೆಚ್ಚಿಸುವ ಪದಾರ್ಥವನ್ನು ತಾವೇ ತಯಾರಿಸುತ್ತವೆ. ಕ್ಯಾನ್ಸರ್ ಕಣವನ್ನು ಗುರುತಿಸಿ ಕೊಲ್ಲಬೇಕಾದದ್ದು ಲಿಂಫೋಸೈಟ್, ಅದು ಕಡಿಮೆ ಆಗಿದ್ದರೆ ದೇಹದ ಕಡೆಯ ಬಲ ಕುಗ್ಗಿದೆ ಎಂದೇ ಅರ್ಥ. ಹಾಗಾಗಿ ಅನುಪಾತ ಜಾಸ್ತಿ ಇರುವ ಗುಂಪಿಗೆ ಫಲಿತಾಂಶ ಅಷ್ಟು ಚೆನ್ನಾಗಿರುವುದಿಲ್ಲ ಅನ್ನುವುದು ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗಲೂ ಕಂಡಿದೆ. ಒಪ್ಪೋಣ. ಆದರೆ ಗುಂಪಿನ ಮಾತು ಬೇರೆ, ಕೌಂಟರಿನ ಮುಂದೆ ನಿಂತ ಒಬ್ಬರ ಮಾತು ಬೇರೆ.

ಈ ಅನುಪಾತ ಯಾವುದರಿಂದೆಲ್ಲ ಅಲುಗಾಡುತ್ತದೆ ನೋಡಿ. ಸ್ಟೀರಾಯ್ಡ್ ಬಗ್ಗೆ ಹೇಳಿದೆ. ಗರ್ಭಕಂಠದ ಬಾಯಿ ಗಡ್ಡೆಯಿಂದ ಮುಚ್ಚಿಕೊಂಡು ಗರ್ಭಕೋಶದಲ್ಲಿ ಕೀವು ತುಂಬುವುದು ಈ ರೋಗದಲ್ಲಿ ಅಪರೂಪ ಅಲ್ಲ. ಮೂತ್ರದ ಸೋಂಕು ಇನ್ನೂ ಸಾಮಾನ್ಯ. ಎರಡರಲ್ಲೂ ನ್ಯೂಟ್ರೋಫಿಲ್ ಏರುತ್ತದೆ. ರೇಡಿಯೇಷನ್ ಶುರುವಾದ ಮೇಲಂತೂ ಲಿಂಫೋಸೈಟ್ ಬೇಗ ಕುಸಿಯುತ್ತದೆ, ಯಾಕೆಂದರೆ ಕಿರಣಕ್ಕೆ ಎಲ್ಲಕ್ಕಿಂತ ಮೊದಲು ಸಾಯುವ ಕಣಗಳಲ್ಲಿ ಅದೂ ಒಂದು. ಜೊತೆಗೆ ರಕ್ತ ಹುಟ್ಟುವ ಮಜ್ಜೆಯ ದೊಡ್ಡ ಪಾಲು ಸೊಂಟದ ಮೂಳೆಗಳಲ್ಲೇ ಇದೆ. ಎಚ್‌ಐವಿ ಜೊತೆ ಬದುಕುವ ಮಹಿಳೆಯರಿಗೆ ಈ ಕ್ಯಾನ್ಸರ್ ಬರುವ ಸಾಧ್ಯತೆ ಆರು ಪಟ್ಟು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅವರ ಲಿಂಫೋಸೈಟ್ ಕಥೆಯೇ ಬೇರೆ. ಆಫ್ರಿಕಾ ಮೂಲದ ಅನೇಕರಲ್ಲಿ ಡಫಿ ಎಂಬ ರಕ್ತಗುಂಪಿನ ವ್ಯತ್ಯಾಸದಿಂದಾಗಿ ನ್ಯೂಟ್ರೋಫಿಲ್ ಹುಟ್ಟಿನಿಂದಲೇ ಕಡಿಮೆ ಇರುತ್ತದೆ, ಅದು ರೋಗವೇ ಅಲ್ಲ. ಒಂದು ದೇಶದ ಒಂದು ಆಸ್ಪತ್ರೆಯಲ್ಲಿ ಹುಟ್ಟಿದ ಗಡಿ ಅಂಕಿಯನ್ನು ಇವರೆಲ್ಲರ ಮೇಲೆ ಹೇಗೆ ಹೇರುತ್ತೀರಿ?

ಆ ಗಡಿ ಅಂಕಿಗಳಾದರೂ ಒಂದೇ ಇದೆಯಾ? ಒಂದು ಲೇಖನದಲ್ಲಿ 2ರ ಆಸುಪಾಸು, ಇನ್ನೊಂದರಲ್ಲಿ 3, ಮತ್ತೊಂದರಲ್ಲಿ 5ರ ಹತ್ತಿರ. ಕಾರಣ ಗುಟ್ಟೇನಲ್ಲ. ಮೊದಲು ಯಾರು ಬದುಕಿದರು, ಯಾರು ತೀರಿಕೊಂಡರು ಎಂದು ನೋಡಿಕೊಳ್ಳುತ್ತಾರೆ. ಆಮೇಲೆ ಆ ಎರಡು ಗುಂಪನ್ನು ಚೆನ್ನಾಗಿ ಬೇರ್ಪಡಿಸುವ ಅಂಕಿಯನ್ನು ಕಂಪ್ಯೂಟರಿನಿಂದ ಹುಡುಕಿಸುತ್ತಾರೆ. ಆಮೇಲೆ ಅದೇ ಅಂಕಿಯನ್ನು ಅದೇ ಮಹಿಳೆಯರ ಮೇಲೆ ಇಟ್ಟು, ನೋಡಿ ಎಷ್ಟು ಚೆನ್ನಾಗಿ ಬೇರ್ಪಡಿಸಿತು ಅನ್ನುತ್ತಾರೆ. ಉತ್ತರ ನೋಡಿಕೊಂಡು ಲೆಕ್ಕ ಬಿಡಿಸಿದ ಹಾಗೆ. ಹೀಗೆ ಮಾಡಿದರೆ ಏನಾಗುತ್ತದೆ ಎಂದು ಸಂಖ್ಯಾಶಾಸ್ತ್ರಜ್ಞ ಡಗ್ಲಸ್ ಆಲ್ಟ್‌ಮನ್ ಮತ್ತು ಸಂಗಡಿಗರು 1994ರಲ್ಲೇ ತೋರಿಸಿದ್ದಾರೆ. ನಿಜವಾಗಿ ಯಾವ ಸಂಬಂಧವೂ ಇಲ್ಲದಿದ್ದರೂ ಸಂಬಂಧ ಇದೆ ಎಂದು ತಪ್ಪಾಗಿ ತೋರುವ ಸಾಧ್ಯತೆ 5%ರಿಂದ ಸುಮಾರು 40%ಕ್ಕೆ ಏರುತ್ತದೆ. 2005ರಲ್ಲಿ ರಿಮಾರ್ಕ್ ಎಂಬ ಮಾರ್ಗಸೂಚಿಯೂ ಬಂತು. ಕ್ಯಾನ್ಸರ್ ಸೂಚಕಗಳ ಬಗ್ಗೆ ಬರೆಯುವಾಗ ಏನೇನು ತಿಳಿಸಬೇಕು ಎಂದು 20 ಅಂಶಗಳ ಪಟ್ಟಿ ಅದು. ಮಾದರಿಯನ್ನು ಹೇಗೆ ತೆಗೆದರು, ಹೇಗೆ ಇಟ್ಟರು, ಗಡಿಯನ್ನು ಹೇಗೆ ಆರಿಸಿದರು, ಎಲ್ಲ ಅದರಲ್ಲಿದೆ. ಸಂಪಾದಕರೇ, ಇಷ್ಟು ವರ್ಷಗಳಾದ ಮೇಲೂ ರಕ್ತ ತೆಗೆದ ದಿನ ಕೂಡ ಹೇಳದ ಲೇಖನಗಳು ನಿಮ್ಮ ಕೈ ದಾಟಿ ಹೇಗೆ ಹೊರಬರುತ್ತವೆ?

ಇನ್ನು ಎಸ್‌ಸಿಸಿ ಆಂಟಿಜೆನ್, ಅಂದರೆ ಸ್ಕ್ವೇಮಸ್ ಎಂಬ ಬಗೆಯ ಕ್ಯಾನ್ಸರಿಗೆಂದು ರಕ್ತದಲ್ಲಿ ಅಳೆಯುವ ಒಂದು ಪ್ರೋಟೀನ್. ಇದಕ್ಕೆ ಇತಿಹಾಸ ಇದೆ. ಜಪಾನಿನ ಕಾಟೊ ಮತ್ತು ಟೊರಿಗೊಯೆ 1977ರಲ್ಲಿ ಇದನ್ನು ಗರ್ಭಕಂಠದ ಕ್ಯಾನ್ಸರಿನಲ್ಲೇ ಗುರುತಿಸಿದರು. ಗಡ್ಡೆ ದೊಡ್ಡದಾದಷ್ಟು, ದುಗ್ಧಗ್ರಂಥಿಗಳಿಗೆ ಹರಡಿದಷ್ಟು ಇದು ಜಾಸ್ತಿ ಇರುವುದು ಸಾಮಾನ್ಯ. ಮಿಲಿಲೀಟರಿಗೆ 1.5 ನ್ಯಾನೋಗ್ರಾಂ ಎಂಬ ಗಡಿ ಹಲವೆಡೆ ಬಳಕೆಯಲ್ಲಿದೆ. ಆದರೆ ಈ ಪ್ರೋಟೀನ್ ಕ್ಯಾನ್ಸರಿನ ಸ್ವತ್ತಲ್ಲ. ಆರೋಗ್ಯವಂತರ ಚರ್ಮದಲ್ಲಿ, ಬಾಯೊಳಗೆ, ಎಂಜಲಿನಲ್ಲಿ ಇದು ಧಾರಾಳವಾಗಿದೆ. ಹಾಗಾಗಿ ತೆರೆದ ಟ್ಯೂಬಿನ ಮೇಲೆ ಯಾರಾದರೂ ಸೀನಿದರೂ, ಮಾಸ್ಕ್ ಇಲ್ಲದೆ ಮಾತಾಡಿದರೂ, ಬರಿಗೈಯಲ್ಲಿ ಮುಟ್ಟಿದರೂ ಅಂಕಿ ಸುಳ್ಳೇ ಏರಬಹುದು. ಇದನ್ನು ಲ್ಯಾಬಿಗೆ ಹೊಸದಾಗಿ ಬರುವವರಿಗೆ ಮೊದಲ ವಾರವೇ ಹೇಳಿಕೊಡುತ್ತೇವೆ. ನಿಮ್ಮ ಲೇಖನಗಳಲ್ಲಿ ಇದರ ಸುದ್ದಿ ಕಾಣುವುದು ಅಪರೂಪ. ಸೋರಿಯಾಸಿಸ್, ಇಸುಬು ಇದ್ದವರಲ್ಲಿ ಇದು ಜಾಸ್ತಿ ಇರುತ್ತದೆ. ಕಿಡ್ನಿ ಸರಿಯಾಗಿ ಕೆಲಸ ಮಾಡದಿದ್ದರೂ ಏರುತ್ತದೆ. ಗರ್ಭಕಂಠದ ಗಡ್ಡೆ ಬೆಳೆದು ಮೂತ್ರನಾಳವನ್ನು ಒತ್ತುವುದು, ಕಿಡ್ನಿ ಊದಿಕೊಳ್ಳುವುದು ಎಷ್ಟು ಸಾಮಾನ್ಯ ಎಂದು ನಿಮಗೆ ನಾನು ಹೇಳಬೇಕಿಲ್ಲ. ಆಗ ಏರಿದ್ದು ಕ್ಯಾನ್ಸರಿನಿಂದಲೋ ಕಿಡ್ನಿಯಿಂದಲೋ? ಒಂದು ಕಂಪನಿಯ ಕಿಟ್ ಕೊಟ್ಟ ಅಂಕಿಯನ್ನು ಇನ್ನೊಂದು ಕಂಪನಿಯ ಕಿಟ್ ಕೊಟ್ಟ ಅಂಕಿಯ ಪಕ್ಕ ಇಟ್ಟು ಹೋಲಿಸುವ ಹಾಗೂ ಇಲ್ಲ. ಅಡಿನೊಕಾರ್ಸಿನೋಮ ಎಂಬ ಇನ್ನೊಂದು ಬಗೆಯ ಗರ್ಭಕಂಠದ ಕ್ಯಾನ್ಸರ್ ಆದವರಿಗೆ ಈ ಪರೀಕ್ಷೆಯಿಂದ ಸಾಮಾನ್ಯವಾಗಿ ಪ್ರಯೋಜನ ಕಡಿಮೆ, ಆದರೂ ಸುಮ್ನೆ ಬರೆದು ಕಳಿಸುತ್ತಾರೆ.

ಇದಕ್ಕೆ ಬೆಲೆಯೇ ಇಲ್ಲ ಅಂತಲ್ಲ. ಒಬ್ಬರದೇ ರಕ್ತ, ಒಂದೇ ಲ್ಯಾಬ್, ಒಂದೇ ಕಿಟ್, ಚಿಕಿತ್ಸೆಗೆ ಮೊದಲು ಜಾಸ್ತಿ ಇದ್ದದ್ದು ಆಮೇಲೆ ಇಳಿದು, ಕೆಲವು ತಿಂಗಳ ನಂತರ ಮತ್ತೆ ಏರತೊಡಗಿದರೆ ಅದು ಗಮನ ಕೊಡಬೇಕಾದ ಸುದ್ದಿ. ಸ್ಕ್ಯಾನಿನಲ್ಲಿ ಕಾಣುವ ಮೊದಲೇ ಅದು ಏರುವುದೂ ಉಂಟು. ಹಾಗೆ ಬೇಗ ತಿಳಿದವರು ಜಾಸ್ತಿ ಕಾಲ ಬದುಕಿದರಾ ಅನ್ನುವ ಪ್ರಶ್ನೆಗೆ ಗಟ್ಟಿ ಉತ್ತರ ಬೇಕು. ಅದನ್ನು ತಂದುಕೊಡುವ ಕೆಲಸ ನಿಮ್ಮದು.

ಈಗ ಹಿಮೋಗ್ಲೋಬಿನ್ ವಿಷಯಕ್ಕೆ ಬರುತ್ತೇನೆ. ನನ್ನ ದೂರಿನ ತಿರುಳು ಇರುವುದು ಇಲ್ಲಿ.

ರಕ್ತಹೀನತೆ ಇದ್ದವರಿಗೆ ರೇಡಿಯೇಷನ್ ಅಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ ಅನ್ನುವುದು ಹಳೆಯ ಗಮನಿಕೆ. ಕಾರಣವೂ ಮನಸ್ಸಿಗೆ ಒಪ್ಪುವಂಥದ್ದು. ಕಿರಣ ಕ್ಯಾನ್ಸರ್ ಕಣದ ಡಿಎನ್‌ಎಗೆ ಮಾಡಿದ ಗಾಯ ಕಾಯಂ ಆಗಲು ಆಮ್ಲಜನಕ ಬೇಕು. ಆಮ್ಲಜನಕ ಸಿಗದ ಗಡ್ಡೆ ಕಿರಣವನ್ನು ತಾಳಿಕೊಳ್ಳುತ್ತದೆ. 1999ರಲ್ಲಿ ಕೆನಡಾದ ಏಳು ಕೇಂದ್ರಗಳ 605 ಮಹಿಳೆಯರ ದಾಖಲೆಗಳನ್ನು ನೋಡಿದ ಒಂದು ಅಧ್ಯಯನ ಬಂತು. ಚಿಕಿತ್ಸೆ ಶುರುವಾಗುವ ಮೊದಲಿನ ಹಿಮೋಗ್ಲೋಬಿನ್‌ಗಿಂತ ಚಿಕಿತ್ಸೆ ನಡೆಯುವಾಗ ಅದು ಎಷ್ಟಿತ್ತು ಅನ್ನುವುದು ಮುಖ್ಯ ಎಂದು ಅದು ಹೇಳಿತು. ಹಾಗಾದರೆ ಹಿಮೋಗ್ಲೋಬಿನ್ ಏರಿಸಿಬಿಟ್ಟರೆ ಆಯಿತಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ? ಹಾಗೇ ಅನ್ನಿಸಿತು. ಕೆಂಪುಕಣ ಹೆಚ್ಚಿಸುವ ಎರಿಥ್ರೊಪೊಯೆಟಿನ್ ಇಂಜೆಕ್ಷನ್ ಕೊಟ್ಟು 12 ಗ್ರಾಂಗಿಂತ ಮೇಲೆ ಇಡುವುದನ್ನು, ಇಂಜೆಕ್ಷನ್ ಇಲ್ಲದೆ 10 ಗ್ರಾಂಗಿಂತ ಮೇಲೆ ಇಡುವುದರ ಜೊತೆ ಹೋಲಿಸಿ ನೋಡುವ ದೊಡ್ಡ ಪ್ರಯೋಗ ಅಮೆರಿಕದಲ್ಲಿ ಶುರುವಾಯಿತು. ಮುಗಿಯಲಿಲ್ಲ. ರಕ್ತನಾಳಗಳಲ್ಲಿ ಹೆಪ್ಪುಗಟ್ಟುವ ಆತಂಕದಿಂದ ನಡುವೆಯೇ ನಿಲ್ಲಿಸಬೇಕಾಯಿತು. ಅದರ ವರದಿ ಬಂದದ್ದು 2008ರಲ್ಲಿ. ಅಷ್ಟರಲ್ಲಿ, 2003ರಲ್ಲಿ, ತಲೆ-ಕುತ್ತಿಗೆ ಕ್ಯಾನ್ಸರಿನ ಒಂದು ಪ್ರಯೋಗ ಇನ್ನೂ ಬೆಚ್ಚಿಬೀಳಿಸುವ ಸಂಗತಿ ಹೇಳಿತ್ತು. ಇಂಜೆಕ್ಷನ್ ಪಡೆದವರ ಹಿಮೋಗ್ಲೋಬಿನ್ ಏರಿತು, ರೋಗದ ಮೇಲಿನ ಹಿಡಿತ ಮಾತ್ರ ಸಡಿಲವಾಯಿತು. ಇವತ್ತು ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಔಷಧಿಗಳ ಮೇಲೆ ಹಾಕಿಸಿರುವ ಎಚ್ಚರಿಕೆಯಲ್ಲಿ ಗರ್ಭಕಂಠದ ಕ್ಯಾನ್ಸರಿನ ಹೆಸರೂ ಇದೆ.

ಇದಕ್ಕಿಂತ ದೊಡ್ಡ ಪಾಠ ಬೇಕಾ? ಅಂಕಿ ಕೆಟ್ಟ ಸುದ್ದಿ ಹೇಳಿದ್ದು ನಿಜವೇ. ಅಂಕಿಯನ್ನು ಸರಿಮಾಡಿದರೂ ಸುದ್ದಿ ಬದಲಾಗಲಿಲ್ಲ. ಹಿಮೋಗ್ಲೋಬಿನ್ ಕಡಿಮೆ ಇರುವುದು ಹಲವು ಸಲ ದೊಡ್ಡ ಗಡ್ಡೆಯ, ತಿಂಗಳುಗಟ್ಟಲೆ ರಕ್ತ ಹೋಗಿದ್ದರ, ಊಟ ಸೇರದಿದ್ದುದರ ಗುರುತು. ಅದನ್ನು ಯಾವ ಮಟ್ಟದಲ್ಲಿ ಇಡಬೇಕು, ರಕ್ತ ಏರಿಸಿದರೆ ಬದುಕು ಎಷ್ಟು ಹಿಗ್ಗುತ್ತದೆ ಅನ್ನುವುದು ಇವತ್ತಿಗೂ ಗಟ್ಟಿಯಾಗಿ ಇತ್ಯರ್ಥ ಆಗಿಲ್ಲ. ಅಷ್ಟು ಹಳೆಯ, ಅಷ್ಟು ಸುಲಭದ ಪರೀಕ್ಷೆಯ ಕಥೆಯೇ ಹೀಗೆ. ಹಾಗಿದ್ದಾಗ ಪ್ಲೇಟ್‌ಲೆಟ್ಟನ್ನು ನ್ಯೂಟ್ರೋಫಿಲ್‌ನಿಂದ ಗುಣಿಸಿ ಲಿಂಫೋಸೈಟ್‌ನಿಂದ ಭಾಗಿಸಿ ಬಂದ ಸೂಚ್ಯಂಕ ‘ಚಿಕಿತ್ಸೆಯ ನಿರ್ಧಾರಕ್ಕೆ ನೆರವಾಗಬಲ್ಲದು’ ಎಂದು ಲೇಖನದ ಕೊನೆಯ ಸಾಲಿನಲ್ಲಿ ಬರೆಯುವಾಗ ಸ್ವಲ್ಪ ತಡೆಯಬೇಕಲ್ಲವೇ? ಯಾವ ನಿರ್ಧಾರ? ಅದು ಜಾಸ್ತಿ ಇದ್ದವರಿಗೆ ಏನು ಕೊಡುತ್ತೀರಿ, ಏನು ಬಿಡುತ್ತೀರಿ? ಆ ಸಾಲು ಬರೆದವರು ಮುಂದಿನ ಸಾಲು ಬರೆಯುವುದೇ ಇಲ್ಲ.

ರೋಗ ಹೇಗೆ ಸಾಗಬಹುದು ಅನ್ನುವುದು ಒಂದು ಪ್ರಶ್ನೆ. ಈ ಚಿಕಿತ್ಸೆ ಈಕೆಗೆ ಜಾಸ್ತಿ ಫಲಿಸುತ್ತದಾ ಅನ್ನುವುದು ಇನ್ನೊಂದು. ಎರಡನೆಯದಕ್ಕೆ ಉತ್ತರ ಬೇಕಾದರೆ ಎರಡು ಚಿಕಿತ್ಸೆಗಳನ್ನು ಚೀಟಿ ಎತ್ತಿ ಹಂಚಿದ ಪ್ರಯೋಗ ಬೇಕು. ಅದರೊಳಗೆ ಸೂಚಕ ಜಾಸ್ತಿ ಇದ್ದವರಿಗೂ ಕಡಿಮೆ ಇದ್ದವರಿಗೂ ಲಾಭ ಬೇರೆ ಬೇರೆ ಆಯಿತಾ ಎಂದು ನೋಡಬೇಕು. ಹಳೆಯ ಫೈಲುಗಳನ್ನು ಎಷ್ಟು ತಿರುವಿದರೂ ಈ ಉತ್ತರ ಸಿಗುವುದಿಲ್ಲ.

ಈ ಪ್ರಶ್ನೆಗೆ ಈಗ ಬೆಲೆ ಬಂದಿದೆ ಅನ್ನುವುದೇ ನನ್ನನ್ನು ಈ ಪತ್ರಕ್ಕೆ ಕೂರಿಸಿದ್ದು. 1999ರಿಂದ ಬಹಳ ಕಾಲ, ಹರಡತೊಡಗಿದ ಗರ್ಭಕಂಠದ ಕ್ಯಾನ್ಸರಿಗೆ ದಾರಿ ಒಂದೇ ಇತ್ತು: ರೇಡಿಯೇಷನ್, ಜೊತೆಗೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್, ಆಮೇಲೆ ಬ್ರಾಕಿಥೆರಪಿ, ಅಂದರೆ ದೇಹದೊಳಗೆ ಗಡ್ಡೆಯ ಹತ್ತಿರದಿಂದಲೇ ಕೊಡುವ ರೇಡಿಯೇಷನ್. ಸೂಚಕ ಏನೇ ಹೇಳಿದರೂ ಕೊಡಲು ಬೇರೆ ಏನೂ ಇರಲಿಲ್ಲ. ಈಗ ಹಾಗಲ್ಲ. ಮೊದಲು ಆರು ವಾರ ಕೀಮೋ ಕೊಟ್ಟು ಆಮೇಲೆ ಇದನ್ನೆಲ್ಲ ಮಾಡಿದ ಇಂಟರ್‌ಲೇಸ್ ಪ್ರಯೋಗದಲ್ಲಿ ಐದು ವರ್ಷದ ನಂತರ ಬದುಕಿದ್ದವರು 80%, ಮಾಮೂಲಿ ಚಿಕಿತ್ಸೆಯಲ್ಲಿ 72%. ಕೀನೋಟ್-ಎ18 ಪ್ರಯೋಗದಲ್ಲಿ ಪೆಂಬ್ರೊಲಿಜುಮ್ಯಾಬ್ ಎಂಬ ಇಮ್ಯುನೋಥೆರಪಿ ಔಷಧಿ ಸೇರಿಸಿದವರಲ್ಲಿ ಮೂರು ವರ್ಷದ ಲೆಕ್ಕ 82.6%, ಇಲ್ಲದವರಲ್ಲಿ 74.8%. ಇನ್ನೊಂದು ಕಡೆ ಔಟ್‌ಬ್ಯಾಕ್ ಪ್ರಯೋಗ. ರೇಡಿಯೇಷನ್ ಮುಗಿದ ಮೇಲೆ ಒಂದು ಗುಂಪಿಗೆ ಇನ್ನಷ್ಟು ಕೀಮೋ ಕೊಟ್ಟರು. ಐದು ವರ್ಷದ ನಂತರ ಬದುಕಿದ್ದವರು ಆ ಗುಂಪಿನಲ್ಲಿ 72%, ಕೊಡದ ಗುಂಪಿನಲ್ಲಿ 71%. ವ್ಯತ್ಯಾಸವೇ ಇಲ್ಲ, ಅಡ್ಡಪರಿಣಾಮ ಮಾತ್ರ ಜಾಸ್ತಿ. ಯಾರಿಗೆ ಕೊಡಬೇಕು, ಯಾರಿಗೆ ಬೇಡ ಎಂದು ಹೇಳುವ ಸೂಚಕ ಇದ್ದಿದ್ದರೆ ಎಷ್ಟು ಜನರ ಸಂಕಟ ತಪ್ಪುತ್ತಿತ್ತು!

ಹಾಗಾಗಿ ನನ್ನ ಮೊದಲ ಕೋರಿಕೆ ಇದೇ. ಈ ಎಲ್ಲ ಪ್ರಯೋಗಗಳಲ್ಲೂ ಚಿಕಿತ್ಸೆಗೆ ಮೊದಲು, ಕೀಮೋ ನಡೆಯುವಾಗ ಸಿಬಿಸಿ ಮಾಡಿಯೇ ಇರುತ್ತಾರೆ. ಅದಿಲ್ಲದೆ ಕೀಮೋ ಕೊಡುವುದೇ ಇಲ್ಲ. ಅಂದರೆ ಎನ್‌ಎಲ್‌ಆರ್ ಲೆಕ್ಕ ಹಾಕಲು ಬೇಕಾದ ಪ್ರತಿ ಅಂಕಿಯೂ ಎಲ್ಲೋ ಕಂಪ್ಯೂಟರಿನಲ್ಲಿ ಕೂತಿದೆ. ಆ ವಿವರಗಳನ್ನು ಹೆಸರು ತೆಗೆದು ಒಟ್ಟುಗೂಡಿಸಿ. ಗಡಿಯನ್ನು ಮೊದಲೇ ಬರೆದಿಡಿ. ಗಡಿಯೇ ಬೇಡ, ಅಂಕಿಯನ್ನು ಅಂಕಿಯಾಗಿಯೇ ನೋಡುತ್ತೇವೆ ಅಂದರೆ ಇನ್ನೂ ಒಳ್ಳೆಯದು. ಗಡ್ಡೆಯ ಅಳತೆ, ಗ್ರಂಥಿಗಳ ಸ್ಥಿತಿ, ರೋಗ ಎಷ್ಟು ಹರಡಿದೆ ಎಂದು ವಿಂಗಡಿಸುವ 2018ರ ಫಿಗೊ ಹಂತ ಇವೆಲ್ಲ ಗೊತ್ತಿದ್ದ ಮೇಲೂ ಈ ಅನುಪಾತ ಹೊಸದೇನಾದರೂ ಹೇಳುತ್ತದಾ ನೋಡಿ. ಹೇಳದಿದ್ದರೆ ಹಾಗೆಂದು ಬರೆಯಿರಿ. ಒಬ್ಬ ಮಹಿಳೆಗೂ ಹೊಸದಾಗಿ ಸೂಜಿ ಚುಚ್ಚದೆ ಈ ಚರ್ಚೆ ಮುಗಿಸಬಹುದು. ಸಂಪಾದಕರೂ ‘ಸಂಬಂಧ ಕಾಣಲಿಲ್ಲ’ ಅನ್ನುವ ಲೇಖನಕ್ಕೆ ‘ಸಂಬಂಧ ಇದೆ’ ಅನ್ನುವ ಲೇಖನಕ್ಕೆ ಕೊಡುವಷ್ಟೇ ಜಾಗ ಕೊಡಬೇಕು. ಅಲ್ಲಿಯವರೆಗೆ, ಒಂದೇ ಆಸ್ಪತ್ರೆಯ ಹಳೆಯ ಫೈಲುಗಳಿಂದ ಇನ್ನೊಂದು ಹೊಸ ಗಡಿ ಹೊತ್ತು ಬರುವ ಲೇಖನಗಳನ್ನು ದಯವಿಟ್ಟು ವಾಪಸ್ ಕಳಿಸಿ.

ಎರಡನೆಯದು ರಕ್ತದಲ್ಲಿ ತೇಲುವ ಎಚ್‌ಪಿವಿ ಡಿಎನ್‌ಎ ಬಗ್ಗೆ. ನನಗೆ ನಿಜವಾದ ಆಸೆ ಹುಟ್ಟಿಸಿರುವುದು ಇದು. ಈ ಕ್ಯಾನ್ಸರ್ ಹೆಚ್ಚುಕಡಿಮೆ ಎಲ್ಲರಲ್ಲೂ ಎಚ್‌ಪಿವಿ ಎಂಬ ವೈರಸ್‌ನಿಂದಲೇ ಬರುತ್ತದೆ. ಸತ್ತ ಗಡ್ಡೆಯ ಕಣಗಳಿಂದ ಆ ವೈರಸ್‌ನ ಡಿಎನ್‌ಎ ತುಣುಕುಗಳು ರಕ್ತಕ್ಕೆ ಸೇರುತ್ತವೆ. ಚಿಕಿತ್ಸೆ ಮುಗಿದ ಮೇಲೂ ಅವು ಸಿಗುತ್ತಿದ್ದರೆ ರೋಗ ಮರಳುವ ಸಾಧ್ಯತೆ ಜಾಸ್ತಿ ಎಂದು ಒಂದಕ್ಕಿಂತ ಹೆಚ್ಚು ಅಧ್ಯಯನಗಳು ತೋರಿಸಿವೆ. ಸೀನಿದರೆ ಏರುವ ಅಂಕಿ ಅಲ್ಲ ಇದು. ಆದರೆ ಇದನ್ನೂ ಎನ್‌ಎಲ್‌ಆರ್ ಹಾದಿಗೆ ಎಳೆಯಬೇಡಿ. ಎಚ್‌ಪಿವಿಯ ಹಲವು ಬಗೆಗಳಲ್ಲಿ 16 ಮತ್ತು 18 ಸೇರಿ ಸುಮಾರು 70% ಗರ್ಭಕಂಠದ ಕ್ಯಾನ್ಸರಿಗೆ ಕಾರಣ. ಆ ಎರಡನ್ನು ಮಾತ್ರ ಹುಡುಕುವ ಪರೀಕ್ಷೆ ಉಳಿದ ಮಹಿಳೆಯರಿಗೆ ‘ಏನೂ ಇಲ್ಲ’ ಎಂದು ಸುಳ್ಳು ಸಮಾಧಾನ ಹೇಳುತ್ತದೆ. ಮಾಮೂಲಿ ಇಡಿಟಿಎ ಟ್ಯೂಬಿನಲ್ಲಿ ತೆಗೆದ ರಕ್ತವನ್ನು ಕೆಲವೇ ಗಂಟೆಯೊಳಗೆ ಯಂತ್ರದಲ್ಲಿ ತಿರುಗಿಸಿ ಪ್ಲಾಸ್ಮಾ (ಕಣಗಳಿಲ್ಲದ ದ್ರವಭಾಗ) ಬೇರೆ ಮಾಡದಿದ್ದರೆ ಬಿಳಿಕಣಗಳು ಒಡೆದು ಅವುಗಳ ಡಿಎನ್‌ಎ ಬೆರೆಯುತ್ತದೆ, ಹುಡುಕುವ ತುಣುಕು ಅದರ ನಡುವೆ ಕಳೆದುಹೋಗಬಹುದು. ಟ್ಯೂಬ್ ಯಾವುದು, ಎಷ್ಟು ಹೊತ್ತು ಇಟ್ಟಿರಿ, ಚಿಕಿತ್ಸೆ ಮುಗಿದ ಎಷ್ಟು ವಾರಕ್ಕೆ ತೆಗೆದಿರಿ, ಇವನ್ನು ಎಲ್ಲ ಕೇಂದ್ರಗಳೂ ಸೇರಿ ಈಗಲೇ ಒಂದೇ ತರಹ ಮಾಡಿಕೊಳ್ಳಿ. ಆಮೇಲೆ ಡಿಎನ್‌ಎ ಉಳಿದವರಿಗೆ ಮುಂದಿನ ಚಿಕಿತ್ಸೆ ಬದಲಿಸಿ ನೋಡುವ ಪ್ರಯೋಗ ನಡೆಸಿ. ಹೌದು, ಅದಕ್ಕೆ ವರ್ಷಗಳು ಬೇಕು. ಫೈಲು ತಿರುವಿ ಲೇಖನ ಬರೆದಷ್ಟು ಸಲೀಸಲ್ಲ.

ಮಾರ್ಗಸೂಚಿ ಸಮಿತಿಗಳಿಗೆ ಒಂದೆರಡು ಮಾತು. ಸಾಬೀತಾಗದ ಸೂಚಕಗಳನ್ನು ಸಂಶೋಧನೆಗೆ ಮಾತ್ರ ಬಳಸಬೇಕು, ರೋಗಿಯ ರಿಪೋರ್ಟಿನಲ್ಲಿ ಅಚ್ಚು ಹಾಕಬಾರದು ಎಂದು ಸ್ಪಷ್ಟವಾಗಿ ಬರೆಯಿರಿ. ಯಂತ್ರ ಲೆಕ್ಕ ಹಾಕಿತು ಅನ್ನುವುದು ಅಚ್ಚು ಹಾಕಲು ಕಾರಣ ಆಗಬಾರದು. ರಕ್ತದ ಒಂದು ಅಂಕಿಯ ಮೇಲೆ ಯಾರಿಗೂ ಪೂರ್ತಿ ಚಿಕಿತ್ಸೆ ತಪ್ಪಿಸಬಾರದು ಅನ್ನುವುದನ್ನೂ ಸೇರಿಸಿ. 2022ರಲ್ಲಿ ಈ ಕ್ಯಾನ್ಸರಿನಿಂದ ಸತ್ತ ಸುಮಾರು 3,50,000 ಮಹಿಳೆಯರಲ್ಲಿ 94% ಬಡ ಮತ್ತು ಮಧ್ಯಮ ಆದಾಯದ ದೇಶಗಳವರು. ಯಂತ್ರ ಕಡಿಮೆ, ಸರದಿ ಉದ್ದ ಇರುವಲ್ಲಿ ‘ಇವರಿಗೆ ಹೇಗೂ ಫಲಿಸುವುದಿಲ್ಲ’ ಅನ್ನಲು ಒಂದು ಅಂಕಿ ಸಿಕ್ಕರೆ ಅದು ಯಾವುದಕ್ಕೆ ಬಳಕೆಯಾಗಬಹುದು ಎಂದು ಯೋಚಿಸಿ. ರೇಡಿಯೇಷನ್, ಬ್ರಾಕಿಥೆರಪಿ ಎಲ್ಲ ಎಂಟು ವಾರದೊಳಗೆ ಮುಗಿಯಬೇಕು, ತಡವಾದಷ್ಟು ಫಲ ಕಡಿಮೆ. ಇದಕ್ಕೆ ಯಾವ ರಕ್ತವೂ ಬೇಡ, ಕ್ಯಾಲೆಂಡರ್ ಸಾಕು. ಆ ಗಡುವು ತಪ್ಪಿದ ಫೈಲುಗಳಿಗೆ ಯಾರೂ ದಪ್ಪ ಅಕ್ಷರ ಹಾಕಿದ್ದನ್ನು ನಾನು ನೋಡಿಲ್ಲ.

ವೈದ್ಯರಿಗೆ ಕೊನೆಯ ಕೋರಿಕೆ ಸಣ್ಣದು. ಪರೀಕ್ಷೆ ಬರೆದು ಕಳಿಸುವ ಚೀಟಿಯಲ್ಲಿ ಮೂರು ವಿಷಯಕ್ಕೆ ಜಾಗ ಮಾಡಿ: ಹಿಂದಿನ ಕೀಮೋ ಆದ ದಿನ, ಸ್ಟೀರಾಯ್ಡ್ ಕೊಟ್ಟಿದ್ದೀರಾ, ಜ್ವರ ಅಥವಾ ಸೋಂಕು ಇದೆಯಾ. ತುಂಬಲು ಅರ್ಧ ನಿಮಿಷ ಸಾಕು. ಈ ಮೂರು ಇದ್ದರೆ ನಮ್ಮ ದಾಖಲೆಗಳನ್ನು ಮುಂದೆ ಬಳಸುವವರಿಗೆ ಯಾವ ಅಂಕಿಯನ್ನು ನಂಬಬೇಕು, ಯಾವುದನ್ನು ಪಕ್ಕಕ್ಕಿಡಬೇಕು ಎಂದು ಗೊತ್ತಾಗುತ್ತದೆ. ಅಧ್ಯಯನ ಶುರು ಮಾಡುವ ಮೊದಲು ಲ್ಯಾಬಿಗೆ ಒಂದು ಸಲ ಬನ್ನಿ. ಮಾದರಿ ಹೇಗೆ ತೆಗೆಯುತ್ತೇವೆ, ಎಲ್ಲಿ ಇಡುತ್ತೇವೆ, ಕಿಟ್ ಯಾವಾಗ ಬದಲಾಯಿತು, ಎಲ್ಲ ತೋರಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ರಕ್ತ ಪರೀಕ್ಷಾ ವಿಭಾಗದ ಒಬ್ಬ ಲ್ಯಾಬ್ ಟೆಕ್ನಿಷಿಯನ್